ಎಣ್ಣೆ ನಿಮ್ದು, ಹಿಂಡಿ ನಮ್ದು

ಕೊಟ್ಟೂರಿನಲ್ಲಿ ಉಜ್ಜಿನಿ ರಸ್ತೆಗೆ ಬಂದರೆ ನೀಲಗಂಗಮ್ಮನ ಎಣ್ಣೆ ಗಾಣ ಎಲ್ಲಿ ಅಂತ ಯಾರನ್ನೂ ಕೇಳಬೇಕಿಲ್ಲ. ಮೂಗು ದಾರಿ ತೋರಿಸುತ್ತದೆ. ನೆಗಡಿಯಾಗಿ ಮೂಗು ಕಟ್ಟಿದ್ದರೆ ಆಕೆಯ ಗಂಟಲು ತೋರಿಸುತ್ತದೆ. ಗಾಣದ ಎದುರಿಗೇ ನನ್ನ ಬ್ಲೌಸ್ ಹೊಲಿಯುವ ಅಂಗಡಿ. ನಾನು ವಾಣಿಶ್ರೀ. ಬಾಯಿ ಜೋರು ಅಂತ ನನಗೂ ಹೆಸರಿದೆ, ಆದರೆ ಆಕೆ ಗಿರಾಕಿಗಳ ಜೊತೆ ಮಾತಿಗೆ ನಿಂತರೆ ನನ್ನ ಮೆಷಿನ್ನಿನ ಸದ್ದು ನನಗೇ ಕೇಳುವುದಿಲ್ಲ. ನಾನು ಆಕೆಯನ್ನು ಅಕ್ಕ ಅನ್ನುತ್ತೇನೆ, ಆಕೆಯ ಗಂಡ ಜಂಬಣ್ಣನನ್ನು ಮಾವ ಅನ್ನುತ್ತೇನೆ. ರಕ್ತಸಂಬಂಧ ಏನೂ ಇಲ್ಲ. ನಡುವೆ ಒಂದು ರಸ್ತೆ ಇದೆ, ಅಷ್ಟೇ.

ಅಕ್ಕ ಇಟ್ಟಿಗಿ ಊರಿನ ಮಗಳು. ಮದುವೆಯಾಗಿ ಬಂದಾಗ ಇಲ್ಲಿ ಎತ್ತು ಸುತ್ತುವ ಗಾಣವಿತ್ತಂತೆ. ಆಮೇಲೆ ಎತ್ತು ಹೋಗಿ ಮೋಟಾರ್ ಬಂತು. ಪ್ಯಾಕೆಟ್ ಎಣ್ಣೆ ಬಂದಾಗ ಕೆಲವು ವರ್ಷ ಗಾಣವೇ ನಿಂತು, ಅದರ ಮೇಲೆ ಕೋಳಿ ಮಲಗುತ್ತಿದ್ದವು. ಈಗ ಪೇಟೆಯ ಜನಕ್ಕೆ ಮರದ ಗಾಣದ ಎಣ್ಣೆಯ ಹುಚ್ಚು ಹಿಡಿದು ಮತ್ತೆ ತಿರುಗುತ್ತಿದೆ. ಮಗ ಅಮರೇಶ್ ಸಣ್ಣ ಗೂಡ್ಸ್ ಗಾಡಿಯಲ್ಲಿ ಎಣ್ಣೆ ಡಬ್ಬ ಹೇರಿಕೊಂಡು ಹಡಗಲಿ, ಹರಪನಹಳ್ಳಿ ಕಡೆ ಅಂಗಡಿಗಳಿಗೆ ಹಾಕಿ ಬರುತ್ತಾನೆ. ಗಾಣದ ಕೆಲಸವೆಲ್ಲ ಅಕ್ಕನದು. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಶೇಂಗಾ ತೆಗೆದು, ಒಂದೇ ಕಾಳು ಕಚ್ಚಿ, "ಇದು ಹ್ವಾದ ವರ್ಸದ್ದು, ಮಾಳಿಗಿ ಮ್ಯಾಲೆ ಇಟ್ಟಿದ್ರಿ, ಹೌದಿಲ್ಲೋ?" ಅಂತ ರೈತನನ್ನೇ ಕೇಳುತ್ತಾಳೆ. ಅವನು ತಲೆ ಕೆರೆದುಕೊಳ್ಳುತ್ತಾನೆ. ಶೇಂಗಾದ ವಿಷಯದಲ್ಲಿ ಆಕೆಗೆ ಯಾರೂ ಹೇಳುವ ಹಾಗಿಲ್ಲ, ಹೇಳಿದರೆ ಕೇಳುವವಳೂ ಅಲ್ಲ. ಮುಂದೆ ಆದದ್ದಕ್ಕೆಲ್ಲ ಮೂಲ ಈ ಗುಣವೇ ಅಂತ ನಾನು ಇವತ್ತಿಗೂ ಆಕೆಯ ಮುಖಕ್ಕೇ ಹೇಳುತ್ತೇನೆ.

ಆ ಗಾಣಕ್ಕೊಂದು ಪದ್ಧತಿಯಿದೆ. ರೈತರು ತಮ್ಮ ಮನೆಯ ಶೇಂಗಾ ತಂದು ಸುರಿಯುತ್ತಾರೆ. ಎಣ್ಣೆ ಅವರಿಗೆ. ಗಾಣದ ಗೋಡೆಗೆ ಹಲಗೆ ಹಲಗೆಯಾಗಿ ಅಂಟಿ ಉಳಿಯುವ ಹಿಂಡಿ ಗಾಣದವರಿಗೆ, ಅದೇ ಕೂಲಿ. ದಿನದ ಮೊದಲ ಹಿಂಡಿ ಎದ್ದಾಗ ಮಾತ್ರ ಅಕ್ಕ ಅದನ್ನು ಬಿಸಿಬಿಸಿಯಾಗಿ ಮುರಿದು, ಬೆಲ್ಲದ ಚೂರಿಟ್ಟು, ಅಲ್ಲಿ ನಿಂತವರಿಗೆಲ್ಲ ಕೊಡುತ್ತಾಳೆ. ಯಾರಾದರೂ ಹೊಸ ಗಿರಾಕಿ ಹಿಂಡಿಯ ಕಡೆ ಆಸೆಯಿಂದ ನೋಡಿದರೆ ಆಕೆಯ ಉತ್ತರ ತಯಾರಿರುತ್ತದೆ. "ಎಣ್ಣಿ ನಿಮ್ದು, ಹಿಂಡಿ ನಮ್ದು. ಸಾರ ಎಲ್ಲಾ ನಿಮ್ಮ ಡಬ್ಬ್ಯಾಗ ಹೋಗೈತ್ರಿ. ನಮಗ ಉಳಿದಿದ್ದು ಬರೇ ಚರಟ." ಮದುವೆಯಾದಾಗಿನಿಂದ ಈ ಮಾತನ್ನು ಎಷ್ಟು ಸಾವಿರ ಸಲ ಹೇಳಿದ್ದಾಳೋ ಶಿವನೇ ಬಲ್ಲ. ಅಷ್ಟು ಸಲ ಹೇಳಿದ ಮಾತನ್ನು ಯಾರಾದರೂ ನಂಬದೆ ಇರುತ್ತಾರೆಯೇ? ಹೇಳಿದವಳೇ ಎಲ್ಲರಿಗಿಂತ ಹೆಚ್ಚು ನಂಬಿದ್ದಳು.

ಜಂಬಣ್ಣ ಮಾವ ಮಾತು ಕಡಿಮೆಯ ಮನುಷ್ಯ. ಆ ಮನೆಯಲ್ಲಿ ಮಾತಾಡಲು ಜಾಗ ಸಿಗದೆ ಹಾಗಾದನೋ, ಹುಟ್ಟಾ ಹಾಗೆಯೋ ಗೊತ್ತಿಲ್ಲ. ಸಕ್ಕರೆ ಕಾಯಿಲೆ ಹಳೆಯದು. ಹೋದ ವರ್ಷ ಕಾಲು ಬಾತು, ಮುಖ ಬಾತು, ತೋರಿಸಿದರೆ ಎರಡೂ ಕಿಡ್ನಿ ಕೆಲಸ ಬಿಟ್ಟಿವೆ ಅಂದರು. ಅವತ್ತಿನಿಂದ ಮಂಗಳವಾರ ಮತ್ತು ಶುಕ್ರವಾರ ಕೂಡ್ಲಿಗಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರಬೇಕು. ರಕ್ತ ಹೊರಗೆ ಹೋಗಿ, ಮೆಷಿನ್ನಿನಲ್ಲಿ ತೊಳೆದು, ಒಳಗೆ ಬರುತ್ತದೆ.

ಅಲ್ಲಿನ ನರ್ಸ್ ಕೋಮಲಾ ಮೊದಲ ದಿನವೇ ಅಕ್ಕನನ್ನು ಕೂರಿಸಿಕೊಂಡು ಹೇಳಿದ್ದಳು. ಕೂಡ್ಲಿಗಿ ಕಡೆಯವಳೇ, ಅಪ್ಪ ಅಮ್ಮ ಕೂಲಿ ಮಾಡಿ ಓದಿಸಿದ ಹುಡುಗಿ, ನಮ್ಮ ಭಾಷೆಯಲ್ಲೇ ತಿಳಿಯುವ ಹಾಗೆ ಹೇಳುತ್ತಾಳೆ. ನಾವು ತಿನ್ನುವುದರಲ್ಲಿ ಪೊಟ್ಯಾಸಿಯಂ, ರಂಜಕ ಅಂತ ಖನಿಜಗಳಿರುತ್ತವೆ, ಹೆಚ್ಚಾದದ್ದನ್ನು ಕಿಡ್ನಿ ಹೊರಗೆ ಹಾಕುತ್ತದೆ, ಈಗ ಹಾಕುವವರಿಲ್ಲ, ಮೈಯಲ್ಲೇ ಕೂಡಿಕೊಳ್ಳುತ್ತದೆ. ಪೊಟ್ಯಾಸಿಯಂ ಏರಿದರೆ ಗುಂಡಿಗೆ ಬಡಿಯುತ್ತಿದ್ದದ್ದು ಹಾಗೇ ನಿಂತುಬಿಡಬಹುದು ಅಂದಳು.

"ಪೊಟ್ಯಾಷ್ ಅಂದ್ರ ಹೊಲಕ್ಕ ಹಾಕಾದಲ್ಲೇನ್ರಿ?" ಅಂದಳಂತೆ ಅಕ್ಕ.

"ಅದ ಜಾತಿದು ಅಮ್ಮಾರ. ಎಳನೀರು, ಬಾಳಿಹಣ್ಣು, ಒಣಕೊಬ್ಬರಿ, ಗೋಡಂಬಿ, ಬಾದಾಮಿ ಬ್ಯಾಡ. ತರಕಾರಿ ಹೆಚ್ಚಿ ನೀರಾಗ ಕುದಿಸಿ, ಆ ನೀರು ಚೆಲ್ಲಿ ಪಲ್ಯ ಮಾಡ್ರಿ. ಶೇಂಗಾ ಅಂತೂ ಮುಟ್ಟಬ್ಯಾಡ್ರಿ. ಏನರ ಅನುಮಾನ ಬಂದ್ರ ನನ್ನ ಕೇಳ್ರಿ."

"ಶೇಂಗಾದ ವಿಷ್ಯ ನನಗ ಬಿಡ್ರಿ ಸಿಸ್ಟರ್," ಅಂದು ಅಕ್ಕ ಎದ್ದು ಬಂದಳು.

ಬಂದವಳು ಮಾಡಿದ್ದೇನು? ಮೊದಲು ಮನೆಯಿಂದ ಶೇಂಗಾ ಎಣ್ಣೆಯ ಡಬ್ಬ ಹೊರಗೆ ಹಾಕಿದಳು. ಶೇಂಗಾ ಕೆಟ್ಟದ್ದು ಅಂದಮೇಲೆ ಶೇಂಗಾದ ಸಾರ ಇನ್ನೂ ಕೆಟ್ಟದ್ದು, ಸಾರ ಇರುವುದು ಎಣ್ಣೆಯಲ್ಲಿ. ಇದು ಆಕೆಯ ಲೆಕ್ಕ. ಗಾಣದ ಮನೆಯವಳು ಪ್ಯಾಕೆಟ್ ಎಣ್ಣೆ ತರುವುದೆಂದರೆ ಸಣ್ಣ ಅವಮಾನವಲ್ಲ. ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ಟನ್ನು ಬಟ್ಟೆ ತುಂಡಿನಲ್ಲಿ ಸುತ್ತಿ, ಹೊಲಿಯಲು ಕೊಟ್ಟ ಬ್ಲೌಸ್ ವಾಪಸ್ ಒಯ್ಯುವವಳ ಹಾಗೆ ನನ್ನ ಅಂಗಡಿಯ ಮೂಲಕ ಸಾಗಿಸುತ್ತಿದ್ದಳು. ನನಗೆ ನಗು ಬರುತ್ತಿತ್ತು. ಗಂಡನ ಜೀವಕ್ಕಾಗಿ ಮರ್ಯಾದೆ ಮುಚ್ಚಿಕೊಂಡು ಓಡಾಡುವವಳ ಮುಂದೆ ನಗಲಿಕ್ಕಾಗುತ್ತದೆಯೇ, ತಡೆದುಕೊಂಡೆ.

ರೋಗಿಯನ್ನು ನೋಡಲು ಬರುವ ನೆಂಟರನ್ನು ಆಕೆ ನಡೆಸಿಕೊಂಡ ರೀತಿ ಇಡೀ ಓಣಿಗೆ ಮನರಂಜನೆ. ಬಾಗಳಿಯಿಂದ ಬಂದ ದೊಡ್ಡಮ್ಮ ಶಕ್ತಿ ಬರಲಿ ಅಂತ ಬಾದಾಮಿ, ಗೋಡಂಬಿ ತಂದಿದ್ದಳು. "ಇದನ್ನ ತಿನಿಸಿ ಇವರನ್ನ ಮಣ್ಣಿಗಿಡಾಕ ಬಂದೀಯೇನು?" ಅಂದು ಪೊಟ್ಟಣವನ್ನು ದೊಡ್ಡಮ್ಮನ ಚೀಲಕ್ಕೇ ತುರುಕಿದಳು. ತರಕಾರಿ ಕುದಿಸಿ ಚೆಲ್ಲುವುದರಲ್ಲೂ ಕಟ್ಟುನಿಟ್ಟು. ಹೀರೇಕಾಯಿ ಆಕೆಯ ಕೈಯಲ್ಲಿ ಬಣ್ಣ, ರುಚಿ, ಹೆಸರು ಎಲ್ಲ ಕಳೆದುಕೊಂಡು ತಟ್ಟೆಗೆ ಬರುತ್ತಿತ್ತು. ಉಪ್ಪೂ ಕಡಿಮೆ. ಮಾವ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದ.

ಉಣ್ಣದ ಗಂಡನನ್ನು ನೋಡುತ್ತ ಎಷ್ಟು ದಿನ ಕೂರುವುದು? ಅಕ್ಕ ಒಂದು ಉಪಾಯ ಮಾಡಿದಳು. ಗಾಣದ ಹೊಸ ಹಿಂಡಿ ತಂದು ಕುಟ್ಟಿ, ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ, ಜೀರಿಗೆ ಹಾಕಿ ಕೆಂಪಗೆ ಪುಡಿ ಮಾಡಿದಳು. ಅನ್ನಕ್ಕೆ ಒಂದು ಚಮಚ, ರೊಟ್ಟಿಗೆ ಒಂದು ಚಮಚ, ಮಜ್ಜಿಗೆಗೆ ಒಂದು ಚಿಟಿಕೆ. ಸಾರ ತೆಗೆದ ಚರಟ, ಅದರಿಂದ ಏನಾಗಬೇಕು? ಮಾವನ ನಾಲಿಗೆಗೆ ಜೀವ ಬಂತು. ತಟ್ಟೆ ಖಾಲಿಯಾಗತೊಡಗಿತು. ಅಕ್ಕ ನನ್ನ ಹತ್ತಿರ ಬಂದು, "ವಾಣಿ, ಇವತ್ತು ಇನ್ನಷ್ಟು ಹಾಕು ಅಂದ್ರವ್ವ," ಅಂತ ಕಣ್ಣೊರೆಸಿಕೊಂಡಳು. ನನಗೂ ಒಂದು ಡಬ್ಬಿ ಕೊಟ್ಟಳು. ಬಲು ರುಚಿ.

ಆಮೇಲಿನ ರಕ್ತಪರೀಕ್ಷೆಯಲ್ಲಿ ಐದರ ಆಸುಪಾಸಿನಲ್ಲಿರಬೇಕಾದ ಪೊಟ್ಯಾಸಿಯಂ ಆರಕ್ಕೆ ಬಂತು. ಡಾಕ್ಟರು ಏನು ತಿನ್ನುತ್ತಿದ್ದಾರೆ ಅಂತ ಕೇಳಿದರು. ಅಕ್ಕ ಒಂದೊಂದಾಗಿ ಹೇಳಿದಳು. ಎಲ್ಲ ಸರಿಯಿತ್ತು. ಹಿಂಡಿಯ ಹೆಸರು ಆಕೆಯ ಬಾಯಿಗೆ ಬರಲಿಲ್ಲ. ಮುಚ್ಚಿಟ್ಟಳು ಅಂತಲ್ಲ. ಉಪ್ಪಿನಕಾಯಿಯನ್ನು ಊಟ ಅಂತ ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಆಕೆಗೆ ಪುಡಿಯೂ ಹಾಗೆಯೇ. ಮುಂದಿನ ಪರೀಕ್ಷೆಯಲ್ಲಿ ಇನ್ನೂ ಏರಿತ್ತು. ಮನೆಯಲ್ಲಿ ಕೊಡುವುದೆಲ್ಲ ಸರಿಯಿದ್ದು ಅಂಶ ಏರುತ್ತಿದೆ ಎಂದರೆ, ಮನೆಯವರಿಗೆ ಕಾಣದ ಹಾಗೆ ಏನೋ ಹೊಟ್ಟೆಗೆ ಹೋಗುತ್ತಿದೆ ಅಂತ ಕೋಮಲಾ ಅಂದಳು. ಅಷ್ಟು ಸಾಕಾಯಿತು. ಅಕ್ಕನ ಕಣ್ಣು ಗಂಡನ ಮೇಲೆ ಬಿತ್ತು.

ಗಾಣದ ಹಿಂದಿನ ಕೋಣೆಯಲ್ಲಿ ಶೇಂಗಾದ ಚೀಲಗಳು ಇರುತ್ತವೆ. ಹುಟ್ಟಿದಾಗಿನಿಂದ ಮಾವನ ಕೈ ಆ ಚೀಲಗಳಲ್ಲಿ ಆಡಿದೆ. ಅತ್ತಿತ್ತ ಹೋಗುವಾಗ ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳುವುದು ಅವನಿಗೆ ಉಸಿರಾಡಿದಷ್ಟು ಸಹಜ. ಅಕ್ಕ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಅಂಶ ಇಳಿಯಲಿಲ್ಲ. ಒಂದು ಬೆಳಿಗ್ಗೆ ಗಿರಾಕಿಗಳು ಡಬ್ಬ ಹಿಡಿದು ನಿಂತಿದ್ದಾರೆ, ಮಾವನ ಅಂಗಿಯ ಜೇಬಿನ ಅಂಚಿಗೆ ಶೇಂಗಾದ ಕೆಂಪು ಸಿಪ್ಪೆಯೊಂದು ಅಂಟಿದ್ದು ಆಕೆಯ ಕಣ್ಣಿಗೆ ಬಿತ್ತು. ಗಾಣದಲ್ಲಿ ಗಾಳಿ ಬೀಸಿದರೆ ಸಿಪ್ಪೆ ನನ್ನ ಅಂಗಡಿಯ ಲೈನಿಂಗ್ ಬಟ್ಟೆಗೂ ಬಂದು ಅಂಟುತ್ತದೆ, ಅದು ಆಕೆಗೆ ಗೊತ್ತಿಲ್ಲವೇ? ಆದರೆ ಭಯ ಆಕೆಯ ತಲೆ ತಿರುಗಿಸಿತ್ತು.

"ಬಾಯಿ ತೆಗೀರಿ," ಅಂದಳು.

ಮಾವ ಅತ್ತಿತ್ತ ನೋಡಿದ. "ಗಂಗಾ, ಜನ ಅದಾರ."

"ಇರ್ಲಿ. ನೀವು ಸತ್ರ ಈ ಜನ ಬರ್ತಾರೇನು? ತೆಗೀರಿ ಬಾಯಿ!"

ಮಾವ ಬಾಯಿ ತೆರೆದ. ಅಷ್ಟು ವಯಸ್ಸಿನ ಗಂಡಸು, ತನ್ನ ತಂದೆಯ ಗಾಣದ ಮುಂದೆ, ಊರವರೆದುರು, ಪೆಪ್ಪರಮಿಂಟು ಕದ್ದ ಮಗುವಿನ ಹಾಗೆ ಬಾಯಿ ತೆರೆದು ನಿಂತ. ಅಕ್ಕ ಮೊಬೈಲಿನ ಬೆಳಕು ಬಿಟ್ಟು ದವಡೆಯ ಸಂದಿಯವರೆಗೆ ನೋಡಿದಳು. ಏನೂ ಇರಲಿಲ್ಲ. "ನುಂಗೀರಿ," ಅಂದಳು. ನನಗೆ ಎಂಥ ಸಿಟ್ಟು ಬಂತೆಂದರೆ, ಕೈಯಲ್ಲಿದ್ದ ಕತ್ತರಿ ಮೇಜಿನ ಮೇಲೆ ಕುಕ್ಕಿ ರಸ್ತೆ ದಾಟಿ ಹೋಗಿ ಬಾಯಿಗೆ ಬಂದಂತೆ ಬೈದೆ. ಆಕೆ ನನಗೂ ಬೈದಳು. ಮಾವ ಮಾತ್ರ ಗಾಣದ ಮರದ ಮೇಲೆ ಕೈಯಿಟ್ಟು, "ಇದರ ಆಣಿ, ನಾ ಒಂದು ಕಾಳು ತಿಂದಿಲ್ಲ," ಅಂದು ಒಳಗೆ ಹೋದ.

ಮರುದಿನ ಅವನೇ ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ನನ್ನ ಅಂಗಡಿಗೆ ಬಂದ. "ವಾಣಿ, ಇನ್ನ ಮ್ಯಾಲೆ ಹಗಲೆಲ್ಲಾ ಇಲ್ಲೇ ಕುಂಡ್ರತೀನವ್ವ. ನನ್ನ ಮ್ಯಾಲೆ ಕಣ್ಣಿಡು. ಏನ್ ತಿಂದೆ, ಏನ್ ಬಿಟ್ಟೆ, ನೀನ ಸಾಕ್ಷಿ."

"ನನಗ ಸಾಕ್ಷಿ ಬೇಕಾಗಿಲ್ಲ ಮಾವ. ನಾ ನಂಬ್ತೀನಿ."

"ನಿನಗಲ್ಲ. ಆಕಿಗೆ."

ಹೀಗೆ ಅವನು ನನ್ನ ಅಂಗಡಿಯಲ್ಲಿ ಕೂತ. ಸುಮ್ಮನೆ ಕೂರುವ ಮನುಷ್ಯನಲ್ಲ, ಬಾಬಿನ್‌ಗಳಿಗೆ ದಾರ ಸುತ್ತಿಕೊಟ್ಟ, ಹುಕ್ಕುಗಳನ್ನು ಜೋಡಿ ಮಾಡಿಟ್ಟ. ಬೆಳಗಿನ ತಿಂಡಿಯಾದ ಮೇಲೆ ಬಂದರೆ ಸಂಜೆ ಅಕ್ಕ ಕೈಹಿಡಿದು ಮನೆಗೆ ಕರೆದೊಯ್ಯುವವರೆಗೆ ನನ್ನ ಕಣ್ಣೆದುರೇ. ಮಧ್ಯಾಹ್ನದ ಊಟವೂ ಡಬ್ಬಿಯಲ್ಲಿ ಇಲ್ಲಿಗೇ. ಒಂದು ಕಾಳು ಶೇಂಗಾ ಅವನ ಬಾಯಿಗೆ ಹೋಗಲಿಲ್ಲ, ಇದನ್ನು ನಾನು ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ. ಪುಡಿ ಮಾತ್ರ ದಿನಾ ಹೋಗುತ್ತಿತ್ತು. ನನ್ನೆದುರೇ ಹೋಗುತ್ತಿತ್ತು, ನನಗೂ ಹೊಳೆಯಲಿಲ್ಲ.

ಅವನ ಕೈ ಸೋಲುತ್ತಿರುವುದು ನನಗೆ ಕಾಣತೊಡಗಿತು. ಬಾಬಿನ್ ಬೆರಳಿನಿಂದ ಜಾರಿ ಬೀಳುತ್ತಿತ್ತು. ಕುರ್ಚಿಯಿಂದ ಏಳಲು ಮೇಜು ಹಿಡಿಯುತ್ತಿದ್ದ. ಸುಸ್ತು ಅಂದಾಗಲೆಲ್ಲ ಅಕ್ಕ, "ಉಂಡಿದ್ದು ಸಾಲವಲ್ದು," ಅಂತ ಅನ್ನಕ್ಕೆ ಇನ್ನೊಂದು ಚಮಚ ಪುಡಿ ಕಲಸುತ್ತಿದ್ದಳು. ಅವನು ಸೋತಷ್ಟೂ ಆಕೆಯ ಕೈ ಧಾರಾಳವಾಗುತ್ತಿತ್ತು. ಆಕೆ ನನ್ನನ್ನು ಪಕ್ಕಕ್ಕೆ ಕರೆದು, "ಖರೇ ಹೇಳು, ಏನೂ ತಿನ್ನಾಕಿಲ್ಲೇನು?" ಅಂತ ಕೇಳುವಳು. ಇಲ್ಲ ಅನ್ನುವೆ. ಆಗ ಆಕೆಯ ಮುಖದಲ್ಲಿ ಸಿಟ್ಟು ಹೋಗಿ ಬರೀ ಹೆದರಿಕೆ ಉಳಿಯುತ್ತಿತ್ತು. ಗಂಡ ಕಳ್ಳನಾಗಿದ್ದರೆ ಬೈದು ಉಳಿಸಿಕೊಳ್ಳಬಹುದಿತ್ತು. ಕಳ್ಳನಲ್ಲ ಅಂದರೆ ಏನು ಮಾಡುವುದು?

ಅದೊಂದು ಸೋಮವಾರ. ಶುಕ್ರವಾರ ಡಯಾಲಿಸಿಸ್ ಆಗಿತ್ತು, ಮುಂದಿನದು ಮರುದಿನ. ಅಮರೇಶ್ ಎಣ್ಣೆ ಹಾಕಲು ಹಡಗಲಿಗೆ ಹೋಗಿದ್ದ. ಮಧ್ಯಾಹ್ನ ಅಕ್ಕ ಡಬ್ಬಿ ತಂದು ಬಿಚ್ಚಿ ಮಾವನಿಗೆ ಬಡಿಸಿದಳು. ಅರ್ಧ ಉಂಡಿದ್ದ, "ತುಟಿ ಜುಮ್ ಅಂತೈತಿ," ಅಂದ. ಕೈತೊಳೆಯಲು ಏಳಹೋದವನು ಏಳಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದ. ಆಮೇಲೆ ನನ್ನನ್ನು ನೋಡಿ, ಅದೇನೋ ಬೇರೆ ಯಾರದೋ ವಿಷಯ ಹೇಳುವವನ ಹಾಗೆ, "ವಾಣಿ, ಕಾಲು ಬರವಲ್ದು," ಅಂದ.

ನಾನು ರಸ್ತೆಗೆ ಓಡಿ ಬೊಮ್ಮಪ್ಪನ ಬಾಡಿಗೆ ಕಾರು ನಿಲ್ಲಿಸಿದೆ. ನಾಲ್ಕು ಜನ ಹಿಡಿದು ಮಾವನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಅಕ್ಕ ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬರುವಾಗ ಕೈಗೆ ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುಂಬಿದ್ದಳು, ಟವೆಲ್ಲು, ಆಸ್ಪತ್ರೆಯ ಫೈಲು, ಅರ್ಧ ಉಂಡ ಊಟದ ಡಬ್ಬಿ. ಬೊಮ್ಮಪ್ಪ ಕೂಡ್ಲಿಗಿ ದಾರಿಯಲ್ಲಿ ಕಾರು ಬಿಟ್ಟ. ಎದುರಿಗೆ ಲಾರಿ ಬಂದಾಗ ನಾನು ಕಣ್ಣು ಮುಚ್ಚಿದೆ.

ಹಿಂದಿನಿಂದ ಅಕ್ಕನ ದನಿ ನಿಲ್ಲಲೇ ಇಲ್ಲ. "ಎಷ್ಟು ತಿಂದ್ರಿ? ಹೇಳ್ರಿ, ಬೈಯ್ಯಲ್ಲ. ಒಂದು ಹಿಡಿ? ಎಲ್ಡು ಹಿಡಿ? ಹೇಳಿದ್ರ ಡಾಕ್ಟ್ರಿಗೆ ಹೇಳಾಕ ಬರ್ತೈತ್ರಿ, ಹೇಳ್ರಿ..." ಪಾದ ತಿಕ್ಕುತ್ತಾಳೆ, ಕೇಳುತ್ತಾಳೆ, ಮತ್ತೆ ತಿಕ್ಕುತ್ತಾಳೆ. ಮಾವ ಕಣ್ಣು ತೆರೆದು, "ಏನೂ ತಿಂದಿಲ್ಲ ಗಂಗಾ," ಅಂದ. ದನಿ ಎಷ್ಟು ಸಣ್ಣದಾಗಿತ್ತೆಂದರೆ ಮುಂದೆ ಕೂತ ನನಗೆ ಕಷ್ಟಪಟ್ಟು ಕೇಳಿತು. ನಾನು ತಿರುಗಿ ಗದರಿದೆ. "ಸಾಕು ಮಾಡಕ್ಕ! ಅಂವ ಸಾಯಾಕತ್ಯಾನ, ನೀನು ಇನ್ನಾ ಕಳ್ಳನ್ನ ಹಿಡ್ಯಾಕತ್ತಿ!" ಸಾಯುವ ಮಾತು ನನ್ನ ಬಾಯಿಂದ ಬಂದದ್ದಕ್ಕೆ ನಾನೇ ನಾಲಿಗೆ ಕಚ್ಚಿಕೊಂಡೆ. ಅಲ್ಲಿಂದ ಆಕೆ ಬರೀ ಪಾದ ತಿಕ್ಕಿದಳು.

ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿದರು. ಕಾಗದದ ಮೇಲೆ ಬಂದ ಗೆರೆ ನೋಡಿ ಡಾಕ್ಟರ ಮುಖ ಬದಲಾಯಿತು. ಗುಂಡಿಗೆಯನ್ನು ಹಿಡಿದು ನಿಲ್ಲಿಸಲು ಮೊದಲು ಕ್ಯಾಲ್ಸಿಯಂ ಕೊಡಿ, ಡಯಾಲಿಸಿಸ್ ಈಗಲೇ ಶುರು ಮಾಡಿ ಅಂದರು. ಮಾವನನ್ನು ಒಳಗೆ ತಳ್ಳಿಕೊಂಡು ಹೋದರು. ರಕ್ತದಲ್ಲಿ ಪೊಟ್ಯಾಸಿಯಂ ಏಳು ದಾಟಿತ್ತು. ಬಾಗಿಲು ಮುಚ್ಚುವ ಮುಂಚೆ ಗೋಡೆಯ ಮೇಲಿನ ಪರದೆಯಲ್ಲಿ ಅವನ ಗುಂಡಿಗೆಯ ಗೆರೆ ನಾನು ನೋಡಿದೆ. ಒಂದು ಏಟಿನಿಂದ ಇನ್ನೊಂದು ಏಟಿಗೆ ಬಹಳ ಹೊತ್ತಾಗುತ್ತಿತ್ತು.

ಮೆಷಿನ್ನಿಗೆ ಜೋಡಿಸಿದ ಮೇಲೆ ಕೋಮಲಾ ಹೊರಗೆ ಬಂದಳು. "ಅಮ್ಮಾರ, ಇವತ್ತು ಏನ್ ಉಂಡ್ರು? ಸರಿಯಾಗಿ ನೆನಸ್ಕೊಂಡು ಹೇಳ್ರಿ. ಕಾರಣ ಸಿಗದಿದ್ರ ಇವತ್ತು ಉಳಿಸಿದ್ರೂ ನಾಡಿದ್ದು ಮತ್ತ ಹಿಂಗ ಆಗ್ತೈತಿ."

"ಅನ್ನ, ಕುದಿಸಿ ಚೆಲ್ಲಿದ ಹೀರಿಕಾಯಿ ಪಲ್ಯ, ಮಜ್ಜಿಗಿ. ಇಲ್ಲೇ ಐತಿ ನೋಡ್ರಿ," ಅಂತ ಅಕ್ಕ ಚೀಲದಿಂದ ಡಬ್ಬಿ ತೆಗೆದು ಕೊಟ್ಟಳು.

ಕೋಮಲಾ ಮುಚ್ಚಳ ತೆಗೆದಳು. ಅನ್ನ ಕೆಂಪಗಿತ್ತು. ಬೆರಳಿನಿಂದ ಸ್ವಲ್ಪ ತೆಗೆದು ಮೂಸಿದಳು. "ಇದೇನಿದು?"

"ಅದಾ? ಅದು ಪುಡಿರಿ. ಬಾಯಿರುಚಿಗೆ."

"ಯಾತರ ಪುಡಿ?"

"ನಮ್ಮ ಗಾಣದ ಹಿಂಡಿದು. ಅದರಾಗೇನೂ ಇಲ್ರಿ, ಸಾರ ತೆಗೆದದ್ದು. ಶೇಂಗಾ ಎಣ್ಣಿ ಒಂದು ಹನಿ ಮುಟ್ಟಿಸಿಲ್ಲ ಇವರಿಗೆ, ಪ್ಯಾಕೀಟ್ ಎಣ್ಣಿ ತಂದು ಅಡುಗಿ ಮಾಡೀನಿ, ಕೇಳ್ರಿ ವಾಣಿನ."

ಕೋಮಲಾ ಡಬ್ಬಿಯ ಮುಚ್ಚಳ ಹಾಕಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಆಕೆ ಅಕ್ಕನ ಪಕ್ಕ ಬೆಂಚಿನ ಮೇಲೆ ಕೂತಳು.

"ಅಮ್ಮಾರ, ಎಣ್ಣಿಗೆ ಉಪ್ಪು ಹಾಕಿದ್ರ ಕರಗ್ತೈತೇನು?"

"ಇಲ್ಲ. ತಳಕ್ಕ ಕುಂಡ್ರತೈತಿ."

"ಹಂಗ ಇದೂ. ಶೇಂಗಾದಾಗಿನ ಪೊಟ್ಯಾಸಿಯಂ, ರಂಜಕ, ಮೆಗ್ನೀಸಿಯಂ ಯಾವುದೂ ಎಣ್ಣಿ ಜೋಡಿ ಹೋಗಲ್ಲ. ಎಣ್ಣಿ ಅಂದ್ರ ಬರೇ ಜಿಡ್ಡು. ಎಣ್ಣಿ ಹ್ವಾದ ಮ್ಯಾಲೆ ಅವೆಲ್ಲಾ ಹಿಂಡ್ಯಾಗ ಉಳಿತಾವ. ಒಂದು ಹಿಡಿ ಶೇಂಗಾಕ್ಕಿಂತ ಒಂದು ಹಿಡಿ ಹಿಂಡ್ಯಾಗ ಜಾಸ್ತಿ ಇರ್ತಾವ."

"ಹಂಗಾರ ಎಣ್ಣಿ?"

"ಎಣ್ಣಿ ಒಂದೆಲ್ಡು ಚಮಚ ಹಾಕಿದ್ರ ಏನೂ ಆಗ್ತಿರಲಿಲ್ಲ."

ಅಕ್ಕ ಒಪ್ಪಲಿಲ್ಲ. ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. "ಇಲ್ರಿ ಸಿಸ್ಟರ್, ಹಿಂಡಿ ಅಂದ್ರ ಚರಟ," ಅಂದಳು.

"ಎಮ್ಮಿಗೆ ಯಾಕ ಹಿಂಡಿ ಹಾಕ್ತಾರ್ರಿ?"

"ಬಲ ಬರಲಿ ಅಂತ..."

ಆಕೆಯ ಮುಖ ನೋಡಲಾಗದೆ ನಾನು ಗೋಡೆಯ ಕಡೆ ತಿರುಗಿದೆ. ಹಿಂಡಿ ಕೊಳ್ಳಲು ಬರುವ ಪ್ರತಿಯೊಬ್ಬ ಎಮ್ಮೆಯ ಮಾಲೀಕನಿಗೆ ಆಕೆಯೇ ಹೇಳುತ್ತಿದ್ದ ಮಾತು ಅದು: ಹಿಂಡಿ ಹಾಕಿರಿ, ಬಲ ಬರುತ್ತದೆ. ಎರಡೂ ಮಾತನ್ನು ಒಂದೇ ಬಾಯಿಂದ ಜೀವನವೆಲ್ಲ ಆಡಿದವಳು. ಒಂದು ಎಣ್ಣೆಯ ಗಿರಾಕಿಗೆ, ಒಂದು ಹಿಂಡಿಯ ಗಿರಾಕಿಗೆ. ಅವೆರಡು ಒಂದಕ್ಕೊಂದು ಎದುರಾಗಿದ್ದು ಆ ಬೆಂಚಿನ ಮೇಲೇ.

ಆಕೆ ಅಳಲಿಲ್ಲ. ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತ ಕೂತಳು. "ಈ ಕೈಲೇ ಹಾಕಿನಿ ವಾಣಿ. ಸುಸ್ತು ಅಂದಂಗೆಲ್ಲಾ ಹಾಕಿನಿ. ಮ್ಯಾಲೆ ಕಳ್ಳ ಅಂದೆ. ಜನದಾಗ ಬಾಯಿ ತೆಗಿಸಿದೆ." ಒಳಗೆ ಮೆಷಿನ್ನು ಒಂದೇ ಸಮ ಸದ್ದು ಮಾಡುತ್ತಿತ್ತು. ಯಾವಾಗಲಾದರೂ ಅದು ಬೀಪ್ ಅಂದರೆ ಇಬ್ಬರೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದೆವು. ಅಮರೇಶ್ ಹಡಗಲಿಯಿಂದ ಗಾಡಿ ಓಡಿಸಿಕೊಂಡು ಬಂದ, ಅಪ್ಪ ಇದಾನೋ ಇಲ್ಲವೋ ಅಂತ ಕೇಳಲು ಹೆದರಿ ಬಾಗಿಲಲ್ಲೇ ನಿಂತ. ನಾನೇ, "ಅದಾನ, ಬಾ," ಅಂದೆ. ಬಿಸಿಲು ಇಳಿಯುವ ಹೊತ್ತಿಗೆ ಕೋಮಲಾ ಬಂದು ಗುಂಡಿಗೆ ದಾರಿಗೆ ಬಂತು ಅಂದಳು. ಕಾಲು ಅಲ್ಲಾಡಿಸುತ್ತಿದ್ದಾರೆ, ಹೆಂಡತಿಯನ್ನು ಕೇಳುತ್ತಿದ್ದಾರೆ ಅಂದಳು. ಅಮರೇಶ್ ಒಳಗೆ ಓಡಿದ. ಅಕ್ಕ ಬೆಂಚು ಬಿಟ್ಟು ಏಳಲಿಲ್ಲ.

ಮನೆಗೆ ಬಂದ ಮೇಲೆ ಹೊಸ ಕಷ್ಟ ಶುರುವಾಯಿತು. ಅಕ್ಕ ಗಂಡನ ಅಡುಗೆ ಮಾಡುವುದಿಲ್ಲ ಅಂದಳು. "ನನ್ನ ಕೈ ಬ್ಯಾಡ," ಅಷ್ಟೇ ಮಾತು. ಗಾಣ ನಿಲ್ಲಿಸಿದಳು. ಗಿರಾಕಿಗಳು ಶೇಂಗಾ ಚೀಲ ತಂದು ಹೊರಗೇ ನಿಂತು ವಾಪಸ್ ಹೋದರು. ಓಣಿಗೆ ಆಕೆಯ ದನಿ ಕೇಳಿಸದೆ ನನಗೆ ಹೊಲಿಗೆಯೇ ಸಾಗದಾಯಿತು. ಅಡುಗೆಗೆ ನಾನು ನಿಂತೆ. ಕುದಿಸಿ ಚೆಲ್ಲಿ ಏನೋ ಮಾಡಿದೆ, ಮಾವ ಬಾಯಿಗಿಟ್ಟು ಬಿಟ್ಟ. ಅಮರೇಶ್ ಮಾಡಿದ್ದು ಅದಕ್ಕೂ ಕಡೆ. ಮಂಗಳವಾರ, ಶುಕ್ರವಾರ ತೂಕ ನೋಡುವಾಗ ಕೋಮಲಾ ಹುಬ್ಬು ಗಂಟಿಕ್ಕಿದಳು. ಹೀಗೆ ಉಣ್ಣದಿದ್ದರೆ ಮೈ ತಡೆಯುವುದಿಲ್ಲ ಅಂದಳು. ಪೊಟ್ಯಾಸಿಯಂನಿಂದ ಉಳಿದವನು ಉಪವಾಸದಿಂದ ಹೋಗುವ ಹಾಗಿದ್ದ. ನಾನು ಅಕ್ಕನಿಗೆ ಕೈಮುಗಿದೆ, ಬೈದೆ, ಅತ್ತೆ. ಆಕೆ ನಿಂತ ಗಾಣದ ಪಕ್ಕ ಕೂತು ಅದೇ ಕೈ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಮಾವ ಎಂದಿನಂತೆ ನನ್ನ ಅಂಗಡಿಯ ಕುರ್ಚಿಯಲ್ಲಿದ್ದ. ಬಹಳ ಹೊತ್ತು ಗಾಣದ ಕಡೆ ನೋಡುತ್ತ ಕೂತ. ಆಮೇಲೆ ಆ ಮಾತು ಕಡಿಮೆಯ ಮನುಷ್ಯ, ರಸ್ತೆಯ ಆಚೆಗೆ ಕೇಳುವಂತೆ ಕೂಗಿದ.

"ಗಂಗಾ! ಏ ಗಂಗಾ! ಬಾ ಇಲ್ಲಿ."

ಆಕೆ ಬಂದು ಬಾಗಿಲಲ್ಲಿ ನಿಂತಳು, ತಲೆ ತಗ್ಗಿಸಿಕೊಂಡು.

"ನಿನಗೊಂದು ಮಾತು ಹೇಳಬೇಕು. ಬರೇ ನಿನ್ನ ಹಿಂಡಿದಿಂದ ಆಗಿದ್ದಲ್ಲ ಅದು. ನಾನು ಶೇಂಗಾ ತಿಂತಿದ್ದೆ. ಬೀಗ ಹಾಕಾ ಮುಂಚೆ ಒಂದಿಷ್ಟು ತೆಗೆದಿಟ್ಟಿದ್ದೆ. ದಿನಾ ಕಿಸೇದಾಗ ಹಾಕ್ಕೊಂಡು ಬಂದು ಇಲ್ಲೇ ಕುಂತು ತಿಂತಿದ್ದೆ."

ಅಕ್ಕ ತಲೆಯೆತ್ತಿದಳು. "ಸುಳ್ಳು. ಗಾಣ ಮುಟ್ಟಿ ಆಣಿ ಮಾಡೀರಿ."

"ಆಣಿ ಸುಳ್ಳು ಮಾಡಿದೆ. ನಂಬಾಕಿಲ್ಲಂದ್ರ ವಾಣಿನ ಕೇಳು. ಆಕಿನ ಸಾಕ್ಷಿ."

ಇಬ್ಬರೂ ನನ್ನ ಕಡೆ ನೋಡಿದರು. ತಾನು ನಿರಪರಾಧಿ ಅಂತ ಸಾಕ್ಷಿ ಹೇಳಲಿ ಎಂದು ಇದೇ ಕುರ್ಚಿಯಲ್ಲಿ ಬಂದು ಕೂತಿದ್ದ ಮನುಷ್ಯ, ಈಗ ಕಳ್ಳ ಅನ್ನು ಅಂತ ಕಣ್ಣಲ್ಲೇ ಬೇಡುತ್ತಿದ್ದ. ನಾನು ಸೂಜಿಗೆ ದಾರ ಪೋಣಿಸುವವಳ ಹಾಗೆ ತಲೆ ಬಗ್ಗಿಸಿದೆ.

"ಹೌದಕ್ಕ," ಅಂದೆ. "ನಾ ನೋಡಿದ್ದೆ. ಹೇಳಿದ್ರ ನೀ ಮಾವನ್ನ ಕೊಂದೇ ಬಿಡ್ತಿ ಅಂತ ಸುಮ್ನಿದ್ದೆ."

ಅಬ್ಬಾ, ಆಮೇಲೆ ಕೇಳಬೇಕಿತ್ತು ಆ ಗಂಟಲನ್ನು! ಅಷ್ಟು ದಿನ ಕಟ್ಟಿಕೊಂಡದ್ದೆಲ್ಲ ಒಡೆದು ಬಂತು. ನಾನು ಮನೆಮುರುಕಿ, ಅವನು ಸುಳ್ಳುಗಾರ, ನಾವಿಬ್ಬರೂ ಸೇರಿ ಆಕೆಯ ತಾಳಿ ಕಿತ್ತುಹಾಕಲು ನಿಂತವರು. ಉಜ್ಜಿನಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಬೈಯುತ್ತ ಬೈಯುತ್ತಲೇ ರಸ್ತೆ ದಾಟಿದಳು, ಬೈಯುತ್ತಲೇ ಗಾಣದ ಮೋಟಾರ್ ಹಾಕಿದಳು, ಒಳಗೆ ಹೋಗಿ ಬೈಯುತ್ತಲೇ ಒಲೆ ಹಚ್ಚಿದಳು. ಮಾವ ಬಾಬಿನ್ ಎತ್ತಿಕೊಂಡು ದಾರ ಸುತ್ತತೊಡಗಿದ. ನನ್ನ ಮುಖ ನೋಡಲಿಲ್ಲ. ನಾನೂ ನೋಡಲಿಲ್ಲ.

ಮಧ್ಯಾಹ್ನ ತಟ್ಟೆ ಬಂತು. ಬಿಸಿ ಅನ್ನ, ಅದರ ಮೇಲೆ ಅವತ್ತೇ ತೆಗೆದ ಶೇಂಗಾ ಎಣ್ಣೆ ಒಂದು ಚಮಚ, ಜಜ್ಜಿ ಹುರಿದ ಎರಡೆಸಳು ಬೆಳ್ಳುಳ್ಳಿ. ಪುಡಿಯಿಲ್ಲ. ಅಂಗಡಿಯೆಲ್ಲ ಘಮ್ ಅಂದಿತು. ಮಾವ ಕೊನೆಯ ಅಗುಳಿನವರೆಗೆ ಉಂಡ. ಅಕ್ಕ ಅಲ್ಲೇ ನಿಂತು ನೋಡಿದಳು. ನನ್ನ ಜೊತೆ ಆಕೆ ಮಾತು ಬಿಟ್ಟಿದ್ದಳು. ಎಷ್ಟೋ ದಿನ ಹಾಗೇ ಬಿಟ್ಟಿದ್ದಳು, ಈಗಲೂ ಸಿಟ್ಟು ಬಂದಾಗ ನನ್ನನ್ನು ಕಳ್ಳನ ಜೊತೆಗಾತಿ ಅನ್ನುತ್ತಾಳೆ. ಅನ್ನಲಿ. ಯಾವ ದೇವರ ಮುಂದೆ ಬೇಕಾದರೂ ಹೇಳುತ್ತೇನೆ ಅಂದೆನಲ್ಲ, ಆಕೆಯ ಮುಂದೆ ಮಾತ್ರ ಹೇಳುವುದಿಲ್ಲ.

ತಟ್ಟೆ ತೆಗೆದುಕೊಂಡು ಹೊರಟವಳು ಬಾಗಿಲಲ್ಲಿ ನಿಂತು ತಿರುಗಿದಳು.

"ಬಾಯಿ ತೆಗೀರಿ," ಅಂದಳು.

ನನ್ನ ಗಿರಾಕಿಗಳು ಇಬ್ಬರು ಕೂತಿದ್ದರು. ಮಾವ ಅವರ ಕಡೆ ನೋಡಲೂ ಇಲ್ಲ. ಕುರ್ಚಿಯಲ್ಲಿ ನೆಟ್ಟಗೆ ಕೂತು, ಮುಖ ಮೇಲೆತ್ತಿ, ಆಕೆಗೆ ಚೆನ್ನಾಗಿ ಕಾಣುವ ಹಾಗೆ ಬಾಯಿ ದೊಡ್ಡದಾಗಿ ತೆರೆದ.